ನರ ಸುಡುವ ದಿನ

ಡ್ರೈವರಮ್ಮನ ಸೊಂಟನೋವು ಹೊಸದೇನಲ್ಲ. ವರ್ಷಗಟ್ಟಲೆ ಗುಂಡಿಬಿದ್ದ ರಸ್ತೆಗಳಲ್ಲಿ ಸಿಟಿ ಬಸ್ಸು ಓಡಿಸಿ ಅವಳ ಬೆನ್ನುಮೂಳೆಯ ಸಣ್ಣ ಕೀಲುಗಳು ಸವೆದುಹೋಗಿದ್ದವು. ಮಾತ್ರೆ, ಮುಲಾಮು, ಬೆಲ್ಟು, ವ್ಯಾಯಾಮ ಎಲ್ಲ ಮಾಡಿ ನೋಡಿದ್ದಾಯಿತು. ಈಚೆಗಂತೂ ಬ್ರೇಕ್ ಒತ್ತಿದರೆ ಬಲಸೊಂಟದಲ್ಲಿ ಯಾರೋ ಕೀಲಿ ತಿರುಗಿಸಿದಂತಾಗಿ ಕಣ್ಣು ಕತ್ತಲೆ ಬರುತ್ತಿತ್ತು.

ನೋವಿನ ಡಾಕ್ಟರು ಮೊದಲು ಪರೀಕ್ಷೆಗೆಂದು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಆ ದಿನ ಸಂಜೆಯವರೆಗೂ ನೋವು ಮಂಗಮಾಯ.

"ಹಾಗಾದ್ರೆ ನೋವಿನ ಸುದ್ದಿ ತರೋ ನರ ಇದೇನೇ," ಎಂದರು ಡಾಕ್ಟರು. "ಸೂಜಿ ತುದೀನ ರೇಡಿಯೋ ತರಂಗದಿಂದ ಬಿಸಿ ಮಾಡಿ ಅದನ್ನ ಸುಡ್ತೀವಿ. ಕಾಲಿಗೆ ಹೋಗೋ ದೊಡ್ಡ ನರ ಪಕ್ಕದಲ್ಲೇ ಇರುತ್ತೆ, ಅದಕ್ಕೆ ತಾಗಬಾರದು. ಅದಕ್ಕೇ ನಿಮಗೆ ನಿದ್ದೆ ಬರಿಸಲ್ಲ. ನಾವು ಕೇಳಿದಾಗ ಏನನ್ನಿಸುತ್ತೆ ಅಂತ ನೀವು ಹೇಳಬೇಕು."

ಅಷ್ಟು ಮಾತಿನಲ್ಲಿ ಅವಳ ಕಿವಿಯಲ್ಲಿ ಉಳಿದದ್ದು 'ಸುಡ್ತೀವಿ' ಮತ್ತು 'ಪಕ್ಕದಲ್ಲೇ'.

ಗೊತ್ತಾದ ದಿನ ಬೆಳಿಗ್ಗೆ ಅತ್ತಿಗೆ ಜೊತೆಗೆ ಬಂದಳು. ಆಸ್ಪತ್ರೆಯ ಬೆಂಚಿನ ಮೇಲೆ ಕೂತ ಡ್ರೈವರಮ್ಮ ಬಲಪಾದವನ್ನು ನೆಲಕ್ಕೆ ಒತ್ತಿ ನೋಡಿದಳು.

"ಕಾಲು ಸ್ವಾಧೀನ ತಪ್ಪಿದ್ರೆ ಏನು ಗತಿ ಅತ್ತಿಗೆ?"

"ನಿನ್ನ ಬಸ್ಸಲ್ಲಿ ಕೂತೋರಿಗೆ ದಿನಾ ಇದಕ್ಕಿಂತ ಜಾಸ್ತಿ ಭಯ ಇರುತ್ತೆ ಕಣೇ. ಸುಮ್ನೆ ಹೋಗಿ ಮಲಗು," ಎಂದಳು ಅತ್ತಿಗೆ. ನಗಿಸಲೆಂದೇ ಆಡಿದ ಮಾತು. ಆದರೆ ಅವಳೂ ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

ಒಳಗೆ ಬೋರಲಾಗಿ ಮಲಗಿಸಿದರು. ಮುಖ ಇಡಲು ಮೇಜಿನಲ್ಲಿ ಒಂದು ತೂತು. ಅದರೊಳಗಿಂದ ಕಾಣುತ್ತಿದ್ದದ್ದು ನೆಲದ ಬೂದು ಟೈಲ್ಸು ಮತ್ತು ಆಗಾಗ ಬಂದುಹೋಗುವ ನರ್ಸಿನ ಬಿಳಿ ಚಪ್ಪಲಿ. ಬೆನ್ನಿಗೆ ತಣ್ಣನೆಯ ದ್ರಾವಣ ಸವರಿದಾಗ ಮೈ ಜುಮ್ಮೆಂದಿತು. ಎಕ್ಸ್‌ರೇ ಯಂತ್ರ ಗುಂಯ್ ಎಂದು ತಿರುಗಿತು. ಸೂಜಿಗಳು ಒಂದಾದಮೇಲೊಂದು ಇಳಿದವು.

"ಈಗ ಸಣ್ಣ ಕರೆಂಟ್ ಬಿಡ್ತೀನಿ. ಎಲ್ಲಿ ಜುಮುಜುಮು ಅನ್ನುತ್ತೆ?"

"ಸೊಂಟದಲ್ಲಿ."

ಎರಡನೆಯದಕ್ಕೂ ಅದೇ ಉತ್ತರ. ಮೂರನೆಯದಕ್ಕೆ ಮಾತ್ರ ಪೃಷ್ಠದಿಂದ ಮೀನಖಂಡದವರೆಗೆ ಫಳ್ಳೆಂದು ಮಿಂಚು ಹರಿಯಿತು.

"ಸೊಂಟದಲ್ಲೇನಾ, ಕೆಳಗೆ ಕಾಲಿಗೂ ಇಳೀತಾ?"

ಹೌದೆಂದರೆ ಇದು ಆಗುವುದಿಲ್ಲ ಎಂದು ನಿಲ್ಲಿಸಿಬಿಟ್ಟರೆ? ಮತ್ತೆ ಅದೇ ಸೀಟು, ಅದೇ ಬ್ರೇಕು, ಅದೇ ನೋವು. ಸಾಯುವವರೆಗೂ.

"ಸೊಂಟದಲ್ಲೇ," ಎಂದುಬಿಟ್ಟಳು.

"ಸರಿ," ಎಂದರು ಡಾಕ್ಟರು. ನರ್ಸಿನ ಚಪ್ಪಲಿ ಯಂತ್ರದ ಕಡೆ ಸರಿಯಿತು.

ಆಗ ಅವಳಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು: ಸಿಗ್ನಲ್ಲು ಕೆಂಪಾಗಿದೆ, ಎದುರಿಗೆ ಜನ ರಸ್ತೆ ದಾಟುತ್ತಿದ್ದಾರೆ, ಅವಳ ಬಲಗಾಲು ಬ್ರೇಕಿನ ಮೇಲಿದೆ, ಒತ್ತಿದರೂ ಒತ್ತುತ್ತಿಲ್ಲ. ತಡೀರಿ ಎನ್ನಲು ಬಾಯಿ ತೆರೆದಳು. ತೂತಿನೊಳಗಿಂದ ಹೊರಟ ದನಿ ಯಾರಿಗೂ ಕೇಳಿಸಲಿಲ್ಲ. ಅಲುಗಿದರೆ ಸೂಜಿ ಎಲ್ಲಿ ಚುಚ್ಚೀತೋ ಎಂದು ಅಲುಗುವಂತೆಯೂ ಇಲ್ಲ. ಮೇಜಿನಿಂದಾಚೆ ಚಾಚಿದ್ದ ಕೈಬೆರಳುಗಳನ್ನು ಪಟಪಟನೆ ಆಡಿಸಿದಳು.

ಬಿಳಿ ಚಪ್ಪಲಿ ಹತ್ತಿರ ಬಂತು. "ಏನಮ್ಮ?"

"ಕಾಲಿಗೂ ಬಂತು... ಸುಳ್ಳು ಹೇಳ್ದೆ."

ಬೈಗುಳ ಬೀಳುತ್ತದೆಂದು ಕಣ್ಣು ಮುಚ್ಚಿದಳು.

"ಸೂಜಿ ಸ್ವಲ್ಪ ಹಿಂದಕ್ಕೆ ತಗೋತೀನಿ," ಎಂದರು ಡಾಕ್ಟರು. "ಉಸಿರಾಡಿ." ಯಂತ್ರ ಮತ್ತೆ ತಿರುಗಿತು. "ಈಗ?"

"ಸೊಂಟದಲ್ಲಿ."

"ಖಂಡಿತ ತಾನೇ?"

"ದೇವರಾಣೆ."

ಇನ್ನೊಂದು ಬಗೆಯ ಕರೆಂಟು ಬಿಟ್ಟು ಕಾಲು ಅಲುಗುವುದಿಲ್ಲ, ಅಂದರೆ ದೊಡ್ಡ ನರ ದೂರವಿದೆ ಎಂದು ಖಾತ್ರಿ ಮಾಡಿಕೊಂಡರು. ಮರಗಟ್ಟುವ ಮದ್ದು ಹಾಕಿದರು. ಆಮೇಲೆ ಬಿಸಿ. ಇಸ್ತ್ರಿಪೆಟ್ಟಿಗೆಯನ್ನು ದಪ್ಪ ಬಟ್ಟೆಯ ಮೇಲಿಂದ ಒತ್ತಿದಂತೆ ಆಳದಲ್ಲೆಲ್ಲೋ ಭಾರವಾಗಿ ಕಾದಿತು. ಹಲ್ಲು ಕಚ್ಚಿ ಸಹಿಸಿದಳು. ಬಲಗಾಲಿನ ಹೆಬ್ಬೆರಳನ್ನು ಮಾತ್ರ ಮೆಲ್ಲಗೆ ಮಡಚಿ ಬಿಚ್ಚುತ್ತಲೇ ಇದ್ದಳು.

ಹೊರಗೆ ಬಂದಮೇಲೆ ಅತ್ತಿಗೆ ತೋಳು ಹಿಡಿದು ನಡೆಸಿದಳು. ವಿಷಯ ಕೇಳಿ ಅವಳ ಮುಖ ಬಿಳಿಚಿಕೊಂಡಿತು.

"ಸುಳ್ಳು ಯಾಕೆ ಹೇಳ್ದೆ?"

"ಭಯ ಆಯ್ತು."

"ಮತ್ತೆ ನಿಜ ಯಾಕೆ ಹೇಳ್ದೆ?"

"ಅದಕ್ಕಿಂತ ಜಾಸ್ತಿ ಭಯ ಆಯ್ತು."

ಅಲ್ಲಿಗೇ ಮುಗಿಯಲಿಲ್ಲ. ಮೊದಲ ವಾರಗಳಲ್ಲಿ ನೋವು ಇಮ್ಮಡಿಯಾಯಿತು. ಸೊಂಟದ ಚರ್ಮಕ್ಕೆ ಬಟ್ಟೆ ತಾಗಿದರೂ ಉರಿ. ತಪ್ಪು ನರ ಸುಟ್ಟಿದ್ದಾರೆ ಎಂದು ಅವಳು ನಿರ್ಧರಿಸಿಯೇಬಿಟ್ಟಳು. ಹೀಗಾಗುವುದುಂಟು, ಇಳಿಯುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಎಷ್ಟು ಹೇಳಿದರೂ ನಂಬಿಕೆ ಬರಲಿಲ್ಲ. ಹಾಸಿಗೆಯಿಂದ ಏಳುವ ಮುಂಚೆ ಬಲಪಾದದಿಂದ ಗೋಡೆಯನ್ನು ಒತ್ತಿ ನೋಡುವುದು ಅಭ್ಯಾಸವಾಯಿತು.

ನೋವು ಯಾವಾಗ ಇಳಿಯಿತೆಂದು ಅವಳಿಗೆ ಹೇಳಲಾಗದು. ಒಂದು ದಿನ ಬಟ್ಟೆ ಒಗೆದು ಹಿಂಡಿ ಹರವಿ, ಬಕೆಟ್ ಎತ್ತಿಕೊಂಡು ಒಳಗೆ ಬಂದಮೇಲೆ, ತಾನು ಬಗ್ಗಿ ಎದ್ದದ್ದು ಅವಳ ಗಮನಕ್ಕೆ ಬಂತು. ಮತ್ತೊಮ್ಮೆ ಬಗ್ಗಿ ನೋಡಲು ಧೈರ್ಯವಾಗಲಿಲ್ಲ.

ಈಗ ಮತ್ತೆ ಬಸ್ಸು ಓಡಿಸುತ್ತಿದ್ದಾಳೆ. ಸುಟ್ಟ ನರ ವರ್ಷವೊಪ್ಪತ್ತಿನಲ್ಲಿ ಬೆಳೆದರೂ ಬೆಳೆಯಬಹುದು, ಬೆಳೆದರೆ ಇನ್ನೊಮ್ಮೆ ಮಾಡೋಣ ಎಂದಿದ್ದಾರೆ ಡಾಕ್ಟರು. ಅದು ನೆನಪಾದಾಗಲೆಲ್ಲ ಬಲಗಾಲಿನ ಹೆಬ್ಬೆರಳನ್ನು ಮಡಚಿ ಬಿಚ್ಚಿ ನೋಡುತ್ತಾಳೆ. ಆದರೂ ಹೋಗುತ್ತೇನೆ ಎಂದೇ ಹೇಳಿದ್ದಾಳೆ, ಅತ್ತಿಗೆ ಜೊತೆಗೆ ಬರುವುದಾದರೆ.