ಮಕ್ಸೂದ ಚಾಚಾನ ಕೆಂಪು ಚುಕ್ಕೆ

ಮಕ್ಸೂದ ಚಾಚಾನಿಗೆ ದೂರದ್ದೆಲ್ಲ ಕಾಣುತ್ತಿತ್ತು. ಗುರಿಯ ಹಲಗೆ ಕಾಣುತ್ತಿತ್ತು, ಹಲಗೆಯಾಚೆ ಏರಿಯ ಮೇಲೆ ಕುಳಿತ ಕಾಗೆ, ಅದರ ಕೊಕ್ಕಿನಲ್ಲಿದ್ದ ಕಡ್ಡಿ ಕೂಡ. ಕಾಣದಿದ್ದದ್ದು ಒಂದೇ: ಪಿಸ್ತೂಲಿನ ತುದಿಯಲ್ಲಿ ಗುರಿ ಹಿಡಿಯಲೆಂದು ಎದ್ದು ನಿಂತಿರುವ ಚಿಕ್ಕ ಕಬ್ಬಿಣದ ಮುಳ್ಳು. ಚಾಳೀಸು ಹಾಕಿಕೊಂಡರೆ ಮುಳ್ಳು ಕಾಣುತ್ತಿತ್ತು, ಆದರೆ ಹಲಗೆ ಮಾಯವಾಗುತ್ತಿತ್ತು. ಐವತ್ತಾರು ವರ್ಷದ ಕಣ್ಣು ಎರಡನ್ನೂ ಒಟ್ಟಿಗೆ ಕೊಡಲು ಒಪ್ಪುತ್ತಿರಲಿಲ್ಲ.

ಬೀದರದಲ್ಲಿದ್ದ ನಮ್ಮ ಪೊಲೀಸ್ ತುಕಡಿಯ ಕೋತಿನ ಕೀಲಿ, ಅಂದರೆ ಆಯುಧ ಇಡುವ ಕೋಣೆಯ ಕೀಲಿ, ಮೂವತ್ತು ವರ್ಷದಿಂದ ಚಾಚಾನ ಸೊಂಟದಲ್ಲಿತ್ತು. ಕೀಲಿ ಹಿಡಿದವರು ವರ್ಷಕ್ಕೊಮ್ಮೆ ಇಪ್ಪತ್ತು ಗುಂಡಿನಲ್ಲಿ ಹದಿನಾಲ್ಕನ್ನಾದರೂ ಹಲಗೆಗೆ ಹೊಡೆಯಬೇಕೆಂಬ ನಿಯಮವಿತ್ತು. ಆ ವರ್ಷ, ಎರಡು ಸಾವಿರದ ಹದಿನೆಂಟರಲ್ಲಿ, ಚಾಚಾ ಎರಡು ಸಲ ತಪ್ಪಿದ್ದರು. ಮೂರನೆಯ ಮತ್ತು ಕೊನೆಯ ಪರೀಕ್ಷೆ ದಸರೆ ಮುಗಿದ ಮರುದಿನ ಇತ್ತು. ಅದರಲ್ಲೂ ತಪ್ಪಿದರೆ ಅವರು ಭಾಲ್ಕಿಯ ಕಚೇರಿಯಲ್ಲಿ ಕಡತ ಹೊಲಿಯುತ್ತ ನಿವೃತ್ತಿ ಕಾಯಬೇಕಿತ್ತು. ಕೀಲಿ ನನಗೆ ಬರುತ್ತಿತ್ತು.

ನಾನು ಕಾಂತಾ. ಮೆಹಕರದವಳು, ಭೌತಶಾಸ್ತ್ರದಲ್ಲಿ ಪದವಿ ಮುಗಿಸಿ ಪೊಲೀಸ್ ಸೇರಿದವಳು. ಪುಸ್ತಕದಲ್ಲಿ ಸ್ಪ್ರಿಂಗಿನ ಸಮೀಕರಣ ಓದಿದ್ದೆ. ಸ್ಪ್ರಿಂಗು ದಣಿದಿದೆಯೋ ಇಲ್ಲವೋ ಎಂದು ಬೆರಳಲ್ಲಿ ತಿಳಿಯುವುದನ್ನು ಕಲಿಸಿದ್ದು ಚಾಚಾ. ಅವರಿಂದ ಆ ಕೀಲಿ ಇಸಿದುಕೊಳ್ಳುವುದನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ.

ಶ್ರಾವಣದಲ್ಲಿ ಮಳೆ ಬರಲಿಲ್ಲ, ಒಂದು ಪೆಟ್ಟಿಗೆ ಬಂತು. ಪಿಸ್ತೂಲಿನ ಮೇಲೆ ಕೂರಿಸುವ ಆರು ಪುಟ್ಟ ರೆಡ್ ಡಾಟ್‌ಗಳು, ಪ್ರಯೋಗಕ್ಕೆಂದು ಕಳಿಸಿದ್ದರು. ನೋಡಲು ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಗಾಜಿನ ಕಿಟಕಿ. ಹಿಂದಿನಿಂದ ಸಣ್ಣ ದೀಪವೊಂದು ಕೆಂಪು ಬೆಳಕನ್ನು ಗಾಜಿಗೆ ಎಸೆಯುತ್ತದೆ, ಗಾಜು ಅದನ್ನು ಕಣ್ಣಿಗೆ ತಿರುಗಿಸುತ್ತದೆ. ಚಮತ್ಕಾರ ಇರುವುದು ಮುಂದೆ. ಆ ಚುಕ್ಕೆ ಗಾಜಿನ ಮೇಲಿದ್ದಂತೆ ಕಾಣುವುದಿಲ್ಲ, ದೂರದಲ್ಲಿ ಗುರಿಯ ಮೇಲೆಯೇ ಕುಳಿತಂತೆ ಕಾಣುತ್ತದೆ. ಗುರಿ ನೋಡಿದರೆ ಸಾಕು, ಹತ್ತಿರದ್ದನ್ನು ನೋಡುವ ಕಣ್ಣೇ ಬೇಡ.

ಮೊದಲನೆಯದನ್ನು ಕೂರಿಸಿ, ಪಿಸ್ತೂಲು ಖಾಲಿ ಇದೆಯೆಂದು ಇಬ್ಬರೂ ಎರಡೆರಡು ಸಲ ನೋಡಿ, ಚಾಚಾನ ಕೈಗೆ ಕೊಟ್ಟೆ. ಅಕಸ್ಮಾತ್ ಗುಂಡು ಹಾರಿದರೆ ತಡೆಯಲೆಂದು ಮೂಲೆಯಲ್ಲಿಟ್ಟ ಮರಳಿನ ಡಬ್ಬಿಯತ್ತ ಹಿಡಿದರು. ಇಳಿಸಿದರು, ಕಣ್ಣು ಉಜ್ಜಿಕೊಂಡು ಮತ್ತೆ ಹಿಡಿದರು.

"ಬೇಟಿ," ಎಂದರು ಕೊನೆಗೆ, "ಡಬ್ಬಿ ಮ್ಯಾಲ ಇರುವಿ ಹೊಂಟದ. ಇರುವಿ ಮ್ಯಾಲ ಚುಕ್ಕಿ ಕುಂತದ. ಎರಡೂ ಕಾಣ್ಲತ್ತಾವ."

ಆ ದಿನ ಅವರು ಮರಳಿನ ಡಬ್ಬಿಯನ್ನು ಊಟದ ಹೊತ್ತಿನವರೆಗೂ ಬಿಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಸೈಕಲ್ಲಿನ ಗಂಟೆಯನ್ನು ಸುಮ್ಮಸುಮ್ಮನೆ ಬಾರಿಸುತ್ತ ಹೋದರು.

ಆದರೆ ಮೂವತ್ತು ವರ್ಷದ ಕೈ ಎಲ್ಲದಕ್ಕೂ ಎಣ್ಣೆ ಬಳಿಯುತ್ತದೆ. ಎರಡನೆಯದನ್ನು ಅವರೇ ಕೂರಿಸಿ, ಅಕ್ಕರೆಯಿಂದ ಸ್ಕ್ರೂಗಳಿಗೂ ಎಣ್ಣೆ ಹಚ್ಚಿದ್ದರು. ಎಂಟನೆಯ ಗುಂಡಿಗೆ ಅದು ಕಿತ್ತು ಹಾರಿ ಇನ್ಸ್‌ಪೆಕ್ಟರ್ ಕಾಶೀರಾಮ ಸಾಹೇಬರ ಬೂಟಿನ ಮೇಲೆ ಬಿತ್ತು. ಅಂದಿನಿಂದ ನಾನು ಕಟ್ಟುನಿಟ್ಟು ಮಾಡಿದೆ. ಸ್ಕ್ರೂ ಮತ್ತು ಅದರ ತೂತನ್ನು ಸ್ಪಿರಿಟ್ಟಿನಲ್ಲಿ ತೊಳೆಯಬೇಕು. ಸ್ಕ್ರೂ ಸಡಿಲವಾಗದಂತೆ ಹಿಡಿಯುವ ನೀಲಿ ಅಂಟನ್ನು ಒಂದೇ ಹನಿ ಹಾಕಬೇಕು. ಬಿಗಿಯ ಅಳತೆ ತಿಳಿಸುವ ತಿರುಪುಳಿ ಕಟ್ ಎಂದು ಸದ್ದು ಮಾಡಿದ ಕೂಡಲೇ ಕೈ ನಿಲ್ಲಿಸಬೇಕು. ಒಂದು ದಿನ ಒಣಗಲು ಬಿಡಬೇಕು. ಆಮೇಲೆ ಸ್ಕ್ರೂವಿನ ತಲೆಯಿಂದ ಪಕ್ಕದ ಲೋಹದವರೆಗೆ ಒಂದು ಗೆರೆ ಎಳೆಯಬೇಕು. ಗೆರೆ ಮುರಿದರೆ ಸ್ಕ್ರೂ ಅಲುಗಿದೆ ಎಂದರ್ಥ. ಗೆರೆಗೆ ಬೇಕಾದ ಬಣ್ಣ ಸಿಗಲಿಲ್ಲವೆಂದು ಚಾಚಾ ಮನೆಯಿಂದ ಹೆಂಡತಿ ಖುರ್ಷಿದ ಬೇಗಂ ಅವರ ಗುಲಾಬಿ ಉಗುರುಬಣ್ಣ ತಂದರು. ಆಕೆ, ತುಕಡಿಗೆ ಸುರ್ಮಾ ಕೂಡ ಬೇಕಾದರೆ ನಾಚದೆ ಕೇಳಿ ಎಂದು ಹೇಳಿ ಕಳಿಸಿದ್ದರು.

ಇದನ್ನೆಲ್ಲ ಒಂಬತ್ತು ಸಾಲಿನಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಐದನೆಯದು: ಧೂಳು ಹೆಚ್ಚಿರುವುದರಿಂದ ಗಾಜಿನ ಮೇಲೆ ರಬ್ಬರ್ ಟೊಪ್ಪಿಗೆ ಸದಾ ಇರಲಿ. ಏಳನೆಯದು: ಹೊಡೆಯುವ ಮುನ್ನ ಬಿಸಿಲು ನೋಡಿ, ಗುಂಡಿ ಒತ್ತಿ, ಚುಕ್ಕೆಯ ಬೆಳಕು ಹೊಂದಿಸಿಕೊಳ್ಳಿ. ಕಾಶೀರಾಮ ಸಾಹೇಬರು ಓದಿ, ಇದೇನು ಸಾಲಿ ಮಕ್ಕಳ ಪಾಠವೇ ಎಂದು ನಕ್ಕು ಹೋದರು. ಮೂವತ್ತರ ಪ್ರಾಯ, ಹದ್ದಿನ ಕಣ್ಣು, ಗುರಿಗಾರಿಕೆಯಲ್ಲಿ ಮೂರು ಪದಕ. ಆ ಪಟ್ಟಿಯನ್ನು ಮನಸ್ಸಿಟ್ಟು ಕಲಿತವಳೆಂದರೆ ಕೋತಿನ ಕಸ ಗುಡಿಸಿ ನೀರು ತುಂಬುತ್ತಿದ್ದ ಶಾಲುಬಾಯಿ. ಓದಲು ಬಾರದ ಆಕೆ ನನ್ನಿಂದ ಎರಡು ಸಲ ಬಾಯಿಪಾಠ ಹೇಳಿಸಿಕೊಂಡಳು.

ಪ್ರತಿವರ್ಷ ದಸರೆಗೆ ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಮಾಡುವವಳೂ ಅವಳೇ. ಆಯುಧಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಕುಂಕುಮ ಇಟ್ಟು, ಕಾಯಿ ಒಡೆಯುತ್ತಾಳೆ. ಪೂಜೆಯಾದ ಮೇಲೆ ಅವನ್ನು ಹೊರಗೆ ಒಯ್ಯುವ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಚಾಚಾ ಕೂಡ ಕೀಲಿ ಹಾಕಿ ಆ ಕಡೆ ತಿರುಗಿ ನೋಡುವುದಿಲ್ಲ. ಆ ಸಲ ನಾನು ಪೂಜೆಗೆ ಇರಲಿಲ್ಲ. ನಾವು ಬೌದ್ಧರು ದಸರೆಯ ದಿನವೇ ಆಚರಿಸುವ ಧಮ್ಮಚಕ್ರ ದಿನಕ್ಕೆಂದು ಮೆಹಕರಕ್ಕೆ ಹೋಗಿದ್ದೆ.

ಪರೀಕ್ಷೆಯ ದಿನ ಬೆಳಿಗ್ಗೆ ಜೀಪು ಔರಾದ ಕಡೆ ಹೊರಟಿತು. ರೊಟ್ಟಿಯ ಬುಟ್ಟಿ ಹಿಡಿದು ಶಾಲುಬಾಯಿಯೂ ಹತ್ತಿದಳು. ಅಲ್ಲಿನ ಕೆರೆಯೊಂದು ಪೂರ್ತಿ ಒಣಗಿ ನಮಗೆ ಚಾಂದಮಾರಿ, ಅಂದರೆ ಗುರಿ ಹೊಡೆಯುವ ಬಯಲು, ಆಗಿತ್ತು. ಏರಿಯೇ ಗುಂಡು ತಡೆಯುವ ಗೋಡೆ. ದಾರಿಯಲ್ಲಿ ಕಬ್ಬು ಕಡಿಯಲು ಹೊರಟ ತಾಂಡಾದ ಮಂದಿ ಟೆಂಪೊ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದರು. ಕೊಡಗಳ ನಡುವೆ ಕುಳಿತ ಮುದುಕಿಯೊಬ್ಬಳು ನಮ್ಮ ಪೆಟ್ಟಿಗೆಗಳನ್ನು ನೋಡಿ, ಕೆರೆ ಕಾಯಲು ಹೊರಟಿರೇನು, ಕಳ್ಳ ನೀರು ಆಗಲೇ ಒಯ್ದಿದ್ದಾನೆ ಎಂದಳು. ಟೆಂಪೊ ಪೂರ್ತಿ ನಕ್ಕಿತು. ನಾವೂ ನಕ್ಕೆವು. ಚಾಚಾ ಮಾತ್ರ ನಗಲಿಲ್ಲ, ಸೊಂಟದ ಕೀಲಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದರು.

ಪರೀಕ್ಷೆಗೆ ಮೊದಲು ಮಾದರಿ ತೋರಿಸಲು ಸಾಹೇಬರೇ ನಿಂತರು. ನಾನು ಗಾಜು ನೋಡಿ ಕೊಡುತ್ತೇನೆ ಎನ್ನುವಷ್ಟರಲ್ಲಿ ಪಿಸ್ತೂಲು ಇಸಿದುಕೊಂಡು ಟೊಪ್ಪಿಗೆ ಕಿತ್ತರು. ಏಳನೆಯ ಸಾಲು ನೆನಪಿಸಿದೆ. ಚುಕ್ಕೆ ಚೆನ್ನಾಗಿಯೇ ಕಾಣುತ್ತಿದೆ, ಇಷ್ಟು ದೊಡ್ಡ ಚುಕ್ಕೆಗೆ ಇನ್ನೇನು ಬೆಳಕು ಎಂದರು.

ಮೊದಲ ಗುಂಡಿಗೆ ಹಲಗೆಯ ಎಡಕ್ಕೆ ಧೂಳೆದ್ದಿತು, ಎರಡನೆಯದಕ್ಕೆ ಬಲಕ್ಕೆ. ಮೂರನೆಯದು ಏರಿಯ ತುದಿಯ ಹತ್ತಿರ ಬಿದ್ದು ಕಾಗೆ ಬೈಯುತ್ತ ಹಾರಿತು. ಇಪ್ಪತ್ತು ಗುಂಡು ಮುಗಿದಾಗ ಹಲಗೆಯಲ್ಲಿ ಎರಡೇ ತೂತುಗಳಿದ್ದವು.

"ಚುಕ್ಕಿ ಹಲಗಿ ಮ್ಯಾಲೇ ಇಟ್ಟಿದ್ದೆ," ಎಂದರು ಸಾಹೇಬರು. "ಗುಂಡ ಎಲ್ಲಿ ಹೋಗ್ಲತ್ತದೋ ಗೊತ್ತಾಗವಲ್ದು. ಇವನ್ನ ಪೆಟಗ್ಯಾಗ ಹಾಕಿ ವಾಪಸ್ ಕಳಸ್ರಿ. ಮಕ್ಸೂದಮಿಯಾ ಹಳಿ ಪಿಸ್ತೂಲಿಂದ ಹೊಡೀಲಿ."

ಹಳೆಯ ಪಿಸ್ತೂಲು ಎಂದರೆ ಆ ಕಬ್ಬಿಣದ ಮುಳ್ಳು. ಚಾಚಾನ ಮುಖ ನೋಡಲಾಗಲಿಲ್ಲ.

"ಸಾಹೇಬ," ಎಂದರು ಅವರು, ಪೆಟ್ಟಿಗೆಯಿಂದ ಚುಕ್ಕೆಯ ಇನ್ನೊಂದು ಪಿಸ್ತೂಲು ಎತ್ತಿಕೊಂಡು, ಮೆಲ್ಲಗೆ, "ಇದನ್ನ ನಾನೇ ಕೂಡಿಸೀನ್ರಿ. ಕೆಟ್ಟಿದ್ರ ಕೆಡಿಸಿದವ ನಾನೇ. ಇದರಿಂದಾನೇ ಸೋಲ್ತೀನ್ರಿ."

ಸಾಹೇಬರು ಕೈ ಬೀಸಿ ಒಪ್ಪಿದರು. ಚಾಚಾ ಗುಂಡು ಹೊಡೆಯುವ ಗೆರೆಗೆ ಹೋಗಿ ನಿಂತು, ಟೊಪ್ಪಿಗೆ ತೆಗೆದು, ಆಕಾಶ ನೋಡಿ, ಗುಂಡಿಯನ್ನು ನಾಲ್ಕು ಸಲ ಒತ್ತಿದರು. ಅಷ್ಟರಲ್ಲಿ ನಾನು ಸಾಹೇಬರ ಪಿಸ್ತೂಲು ಖಾಲಿ ಇದೆಯೆಂದು ಖಚಿತ ಮಾಡಿಕೊಂಡು ಗಾಜನ್ನು ನೋಡಿದೆ. ಕಿಟಕಿಯ ನಟ್ಟನಡುವೆ, ಹಣೆಗೆ ಇಟ್ಟಷ್ಟು ದುಂಡಗೆ, ಕೆಂಪಗೆ ಕುಂಕುಮ ಇತ್ತು.

ಸಾಹೇಬರು ಗುರಿ ಹಿಡಿದದ್ದು ಶಾಲುಬಾಯಿಯ ಕುಂಕುಮದಿಂದ.

ಆರೂ ಪಿಸ್ತೂಲಿಗೂ ಇಟ್ಟಿರಬೇಕು. ಕೂಗಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಸಾಹೇಬರು ಸೀಟಿ ಊದಿದರು. ಸೀಟಿಯಾದ ಮೇಲೆ ಗೆರೆಯ ಹಿಂದಿನವರು ತುಟಿ ಬಿಚ್ಚುವಂತಿಲ್ಲ. ಬಿಚ್ಚಿದರೆ ಪರೀಕ್ಷೆ ರದ್ದು, ರದ್ದಾದದ್ದು ಸೋಲಿನ ಲೆಕ್ಕ.

ಚಾಚಾ ಹೊಡೆದರು. ಹಲಗೆ ಟಪ್ ಎಂದಿತು.

ಮತ್ತೆ ಟಪ್. ಮತ್ತೆ. ನಾನು ಬೆರಳು ಮಡಚುತ್ತ ಹೋದೆ. ಹತ್ತರ ಹೊತ್ತಿಗೆ ಬೆರಳು ತೀರಿದವು, ಶಾಲುಬಾಯಿ ತಾನಾಗಿಯೇ ತನ್ನ ಕೈ ಮುಂದೆ ಮಾಡಿದಳು. ಹದಿಮೂರನೆಯದು ತಪ್ಪಿತು. ಹದಿನಾಲ್ಕು, ಹದಿನೈದು ಬಿದ್ದವು. ಶಾಲುಬಾಯಿಯ ನಾಲ್ಕನೆಯ ಬೆರಳು ಮಡಚಿದಾಗ ಬೇಕಿದ್ದ ಹದಿನಾಲ್ಕೂ ತುಂಬಿದವು, ನಾನು ಬಿರುಕು ಬಿಟ್ಟ ಕೆರೆಯಂಗಳದಲ್ಲೇ ಕುಳಿತುಬಿಟ್ಟೆ. ಕೊನೆಗೆ ಎಣಿಸಿದಾಗ ಹದಿನೆಂಟು.

ಸಾಹೇಬರು ಚಾಚಾನ ಪಿಸ್ತೂಲು ಪರೀಕ್ಷಿಸಿದರು. ಅದರ ಗಾಜಿನಲ್ಲೂ ಅದೇ ಕುಂಕುಮ. ತಮ್ಮದನ್ನೂ ನೋಡಿದರು. ಆಮೇಲೆ ನನ್ನನ್ನು. ನಾನು ನಗು ತಡೆಯುತ್ತ ವಿವರಿಸಿದೆ. ಅವರದು ಹದ್ದಿನ ಕಣ್ಣು, ಹತ್ತು ವರ್ಷದಿಂದ ಹತ್ತಿರದ ಮುಳ್ಳಿನ ಮೇಲೆ ದೃಷ್ಟಿ ನಿಲ್ಲಿಸಿ ಪಳಗಿದ್ದು. ಎದುರಿಗೆ ಸ್ಪಷ್ಟವಾದ ಕೆಂಪು ಬೊಟ್ಟು ಸಿಕ್ಕಿತು, ಅಲ್ಲೇ ನಿಂತಿತು. ಕೋಣೆಯ ಟ್ಯೂಬ್‌ಲೈಟಿಗೆ ಹೊಂದಿಸಿದ್ದ ನಿಜವಾದ ಚುಕ್ಕೆ ಕೆರೆಯ ಬಿಸಿಲಿನಲ್ಲಿ ಕಾಣದಷ್ಟು ಮಂಕಾಗಿತ್ತು. ಬೊಟ್ಟು ಗಾಜಿಗೆ ಅಂಟಿದ್ದು. ತಲೆ ಕೂದಲೆಳೆಯಷ್ಟು ಸರಿದರೂ ಗುಂಡು ಬೇರೆ ಕಡೆ ಹೋಗುತ್ತದೆ. ಚಾಚಾನಿಗೆ ಹತ್ತಿರದ್ದು ಕಾಣುವುದೇ ಇಲ್ಲ. ಕಂಡದ್ದು ದೂರದ ಚುಕ್ಕೆ ಒಂದೇ.

"ಗಾಜಿನ್ಯಾಗ ಸ್ವಲ್ಪ ಕೆಂಪ ಮಬ್ಬ ಇತ್ತರಿ," ಎಂದರು ಚಾಚಾ. "ಔರಾದದ ಧೂಳಂತ ತಿಳದಿದ್ದೆ."

ಶಾಲುಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೊಸ ಆಯುಧಕ್ಕೆ ಮುಖ ಯಾವುದೆಂದು ಹುಡುಕಿದ್ದಳಂತೆ. ಹೊಳೆಯುವ ಗಾಜೇ ಮುಖವಾಗಿ ಕಂಡಿತಂತೆ. ಪ್ರತಿವರ್ಷ ನೀರಿನಲ್ಲಿ ಕಲಸಿದ ಕುಂಕುಮ ಒಣಗಿ ಮರುದಿನವೇ ಉದುರುತ್ತಿತ್ತು. ಈ ವರ್ಷ ಮೂರು ದಿನದಿಂದ ಟ್ಯಾಂಕರ್ ಬಂದಿರಲಿಲ್ಲ. ಅದಕ್ಕೆ ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ್ದಳು.

"ಮ್ಯಾಲ ಟೊಪಗಿ ಸೈತ ಹಾಕೀನ್ರಿ," ಎಂದಳು. "ಅಕ್ಕಾರ ಐದನೇದು ಹೇಳಿದ್ರಲ್ಲ, ಧೂಳ ಕೂಡಬಾರದಂತ."

ಸಾಹೇಬರು ನಗಬಾರದೆಂದು ಏರಿಯ ಕಡೆ ತಿರುಗಿದರು. ಹೆಗಲು ಕುಣಿಯುತ್ತಿತ್ತು. ಆಮೇಲೆ ತಡೆಯಲಾಗದೆ ತೊಡೆ ಬಡಿದುಕೊಂಡು ನಕ್ಕರು, ಪದಕ ಮೂರನ್ನೂ ಶಾಲುಬಾಯಿಗೇ ಕೊಡುವುದಾಗಿ ಹೇಳಿದರು. ನಾನು ಗಾಜು ಒರೆಸಲು ಹೋದೆ; ಎಣ್ಣೆಗುಂಕುಮ ಹರಡಿ ಇಡೀ ಕಿಟಕಿ ಸೂರ್ಯಾಸ್ತದಂತಾಯಿತು. ಅದನ್ನು ನೋಡಿ ಮತ್ತೊಂದು ಸುತ್ತು ನಗು ಎದ್ದಿತು. ಮೆತ್ತನೆಯ ಬಟ್ಟೆ, ಗಾಜಿನ ದ್ರಾವಣ, ಅರ್ಧ ಗಂಟೆ ಬೇಕಾಯಿತು. ಬೆಳಕು ಹೊಂದಿಸಿಕೊಂಡು ಎರಡನೆಯ ಸಲ ಹೊಡೆದಾಗ ಸಾಹೇಬರದೂ ಹದಿನೆಂಟೇ ಬಿತ್ತು. ಚಾಚಾನಿಗಿಂತ ಒಂದಾದರೂ ಹೆಚ್ಚು ಬೀಳಲಿ ಎಂದು ಮೂರನೆಯ ಸಲ ಕೇಳಿದರು. ಗುಂಡು ಮುಗಿದಿದೆ ಎಂದು ನಾನು ಸುಳ್ಳು ಹೇಳಿದೆ.

ಏರಿಯ ನೆರಳಲ್ಲಿ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆವು. ಸಾಹೇಬರು ಜೇಬಿನಿಂದ ದಸರೆಯ ಬನ್ನಿ ಎಲೆ ತೆಗೆದು ಚಾಚಾನ ಅಂಗೈಯಲ್ಲಿಟ್ಟು, ಪರೀಕ್ಷೆಯ ಪುಸ್ತಕದಲ್ಲಿ ಪಾಸು ಎಂದು ಬರೆದರು. ಭಾಲ್ಕಿಯ ಮಾತು ಯಾರೂ ಎತ್ತಲಿಲ್ಲ.

ಸಂಜೆ ಬೀದರ ಮುಟ್ಟಿದಾಗ ಪೆಟ್ಟಿಗೆ ಹೊತ್ತು ಎಲ್ಲರೂ ಕೋತಿನ ಬಾಗಿಲಲ್ಲಿ ನಿಂತೆವು. ಚಾಚಾ ಸೊಂಟದಿಂದ ಕೀಲಿ ತೆಗೆದು ಬೀಗಕ್ಕೆ ಹಿಡಿದರು. ಅದು ತೂತಿನ ಎಡಕ್ಕೆ ತಾಗಿತು. ಬಲಕ್ಕೆ ತಾಗಿತು. ಹಿಂದಿನಿಂದ ಶಾಲುಬಾಯಿ, ಬೀಗಕ್ಕೂ ಒಂದು ಬೊಟ್ಟು ಇಡಲೇನು ಎಂದು ಕೇಳಿದಳು.

ಚಾಚಾ ತಿರುಗಲಿಲ್ಲ. ಎಡಗೈ ಹೆಬ್ಬೆರಳಿನಿಂದ ತೂತು ಸವರಿ, ಕೀಲಿ ಒಳಗೆ ಹಾಕಿ, ತಿರುವಿದರು.