ರೆಪ್ಪೆಯ ಮೇಲಿನ ಅವರೆಕಾಳು

ಭಾಗೀರಥಮ್ಮ ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಮನೆಯೊಳಗೆ ಕಾಲಿಟ್ಟರೆ ಮಾತ್ರ ಅವರು ಬರೀ ತಮ್ಮ ತಾಯಿಯ ಮಗಳು. ಕೂಸನ್ನು ಅಳೆಯಬಾರದು, ಅಳೆದರೆ ಏಳಿಗೆಯಾಗುವುದಿಲ್ಲ ಎಂದು ತಾಯಿ ಹೇಳಿದ್ದರು. ಅಲ್ಲಿಗೆ ಮುಗಿಯಿತು. ಹಾಗಾಗಿ ಪರದೇಶದಲ್ಲಿದ್ದ ಮಗನ ಮನೆಯಲ್ಲಿ, ಚೋವಾ ಚು ಕಾಂಗ್‌ನ ಹನ್ನೊಂದನೇ ಮಹಡಿಯಲ್ಲಿ, ಮೊಮ್ಮಗಳು ಶ್ರೀಯಾಳ ಎಡಗಣ್ಣಿನ ರೆಪ್ಪೆಯ ಮೇಲಿದ್ದ ಕೆಂಪು ಗಂಟಿಗೆ ಅವರು ಸ್ಕೇಲು ಹಿಡಿಯಲಿಲ್ಲ, ಕಾಳು ಹಿಡಿದರು.

ಹುಟ್ಟಿದ ವಾರ ಅದು ಸಾಸಿವೆ. ತಿಂಗಳಿಗೆ ಹೆಸರುಕಾಳು. ಮೂರು ತಿಂಗಳು ತುಂಬುವಷ್ಟರಲ್ಲಿ ದಪ್ಪ ಅವರೆಕಾಳಾಗಿ, ರೆಪ್ಪೆ ಅರ್ಧ ಇಳಿದುಬಿಟ್ಟಿತ್ತು. ಪ್ರತಿ ಸೋಮವಾರ ಮಗು ನಿದ್ದೆಯಲ್ಲಿದ್ದಾಗ ಪಕ್ಕದಲ್ಲಿ ಕಾಳು ಹಿಡಿದು ನೋಡಿ, ಸರಿಹೊಂದಿದ್ದನ್ನು ಕ್ಯಾಲೆಂಡರಿನ ಆ ತಾರೀಖಿಗೆ ಟೇಪಿನಿಂದ ಅಂಟಿಸುವುದು ಭಾಗೀರಥಮ್ಮನ ಕ್ರಮ.

ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದ್ದರು. ಇದು ರಕ್ತನಾಳಗಳು ಗುಂಪುಗೂಡಿ ಬೆಳೆದ ಗಂಟು; ತಾಯಿ ಏನೋ ತಿಂದದ್ದಕ್ಕೆ ಬಂದದ್ದಲ್ಲ. ಬೆನ್ನಿನ ಮೇಲೋ ತೋಳಿನ ಮೇಲೋ ಇದ್ದಿದ್ದರೆ ಕೆಲವು ತಿಂಗಳು ಬೆಳೆದು ಆಮೇಲೆ ನಿಧಾನವಾಗಿ ತಾನೇ ಕರಗಲಿ ಎಂದು ಬಿಡಬಹುದಿತ್ತು. ಕಣ್ಣಿಗೆ ಅಡ್ಡ ಬಂದರೆ ಕಾಯುವಂತಿಲ್ಲ. ನೋಡಲು ಕಲಿಯುವ ವಯಸ್ಸಿನಲ್ಲಿ ಮುಚ್ಚಿಕೊಂಡ ಕಣ್ಣನ್ನು ಮಿದುಳು ಮರೆತೇಬಿಡುತ್ತದೆ. ಇದಕ್ಕೆ ಹೊಸದಾಗಿ ಒಂದು ಔಷಧಿ ಕೊಡುತ್ತಿದ್ದಾರೆ, ದೊಡ್ಡವರ ಬಿ.ಪಿ.ಗೆ ಕೊಡುವಂಥದ್ದೇ.

"ಅಯ್ಯೋ ರಾಮ, ಅಜ್ಜಿಗೂ ಬಿ.ಪಿ. ಔಷಧಿ, ಮೊಮ್ಮಗಳಿಗೂ ಬಿ.ಪಿ. ಔಷಧಿನಾ!" ಎಂದರು ಭಾಗೀರಥಮ್ಮ.

ಎರಡು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡು, ಎದೆಬಡಿತ ನೋಡಿಕೊಂಡು ಔಷಧಿ ಶುರುಮಾಡಿದರು. ಮನೆಗೆ ಬಂದ ಮೇಲೆ ಹೊಟ್ಟೆ ತುಂಬಾ ಹಾಲು ಕುಡಿಸಿಯೇ ಬಾಯಿಗೆ ಔಷಧಿಯ ಹನಿ ಹಾಕಬೇಕಿತ್ತು. ಎರಡನೇ ಸೋಮವಾರ, ಗಣೇಶನ ಹಬ್ಬದ ಮಾರನೇ ದಿನ, ಭಾಗೀರಥಮ್ಮ ಕೂಗಿದ ಕೂಗು ಲಿಫ್ಟಿನವರೆಗೂ ಕೇಳಿಸಿತು.

"ಅನಘಾ, ಅವರೆಕಾಳಿಂದ ಕಡಲೆಕಾಳಿಗೆ ಇಳೀತು ಕಣೇ!"

ಸೊಸೆ ಅನಘಾ ಅತ್ತೆಯನ್ನು ಎತ್ತಿ ತಿರುಗಿಸಿಬಿಟ್ಟಳು. ಕೆಲಸಕ್ಕೆ ಜುರಾಂಗ್ ಐಲ್ಯಾಂಡಿನ ಬಸ್ಸು ಹಿಡಿಯಬೇಕಿದ್ದ ಮಗ ಅವಿನಾಶ್ ಒಂದೇ ಕಾಲಿಗೆ ಬೂಟು ಹಾಕಿಕೊಂಡು ಕುಣಿದ, ಬಸ್ಸು ತಪ್ಪಿತು. ಹಬ್ಬದ ಉಸಲಿಯನ್ನು ಅಕ್ಕಪಕ್ಕದ ಚೀನೀ, ಮಲಯ್ ಮನೆಗಳಿಗೆಲ್ಲ ಹಂಚಿದ್ದಾಯಿತು.

ಮುಂದಿನ ಸೋಮವಾರ ಎಲ್ಲ ತಲೆಕೆಳಗಾಯಿತು. ಕ್ಯಾಲೆಂಡರಿನ ಕಡಲೆಯ ಪಕ್ಕಕ್ಕೆ ಮಗುವನ್ನು ತಂದರೆ, ಗಂಟು ಕಾಳಿಗಿಂತ ಎದ್ದು ಕಾಣುವಷ್ಟು ದೊಡ್ಡದು! ಭಾಗೀರಥಮ್ಮ ಸೊಸೆಯನ್ನು ಕರೆದು ತೋರಿಸಿದರು.

"ಔಷಧಿ ಹಿಡೀತಿಲ್ವಾ ಅತ್ತೆ? ನಂಗೆ ದಿನಾ ನೋಡಿ ನೋಡಿ ಡಿಫರೆನ್ಸೇ ಗೊತ್ತಾಗ್ತಿಲ್ಲ," ಎಂದು ಅನಘಾ ಅಳತೊಡಗಿದಳು.

ಅವಿನಾಶ್ ರಜೆ ಹಾಕಿ ಆಸ್ಪತ್ರೆಗೆ ಟ್ಯಾಕ್ಸಿ ಬುಕ್ ಮಾಡಿದ. ದಾರಿಯಲ್ಲಿ ಮೂವರಿಗೂ ಕಣ್ಣು ಹೋದರೆ ಎಂಬುದೊಂದೇ ಯೋಚನೆ. ಡಾಕ್ಟರಮ್ಮನಿಗೆ ತೋರಿಸಲೆಂದು ತಂದ ಕ್ಯಾಲೆಂಡರು ಭಾಗೀರಥಮ್ಮನ ತೊಡೆಯ ಮೇಲಿತ್ತು. ಸುಮ್ಮನೆ ಆ ಕಡಲೆಯ ಮೇಲೆ ಬೆರಳಾಡಿಸಿದರು. ಮೈಯೆಲ್ಲ ಸುಕ್ಕು. ಕಳೆದ ವಾರ ಹೀಗಿರಲಿಲ್ಲವಲ್ಲ, ದುಂಡಗಿತ್ತಲ್ಲ!

"ಅಯ್ಯಯ್ಯೋ!" ಎಂದು ಕಿರುಚಿದರು. ಟ್ಯಾಕ್ಸಿಯವನು ಗಕ್ಕನೆ ಬ್ರೇಕು ಹಾಕಿದ. "ಉಸಲಿಗೆ ನೆನೆಹಾಕಿದ್ರಲ್ಲಿ ಮಿಕ್ಕಿದ್ದ ಕಾಳು ಕಣೋ ಇದು! ನೆಂದು ಊದಿತ್ತು, ಈಗ ಒಣಗಿ ಮುದುಡಿದೆ! ಕಾಳು ಯಾಕೆ ಊದತ್ತೆ ಅಂತ ಮೂವತ್ತೊಂದು ವರ್ಷ ಪಾಠ ಮಾಡಿದೀನಲ್ಲೋ, ನನ್ನ ಬುದ್ಧಿಗಿಷ್ಟು!"

ಮೊದಲು ನಕ್ಕವಳು ಅನಘಾ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಏನೂ ಅರ್ಥವಾಗದ ಟ್ಯಾಕ್ಸಿಯವನೂ ನಕ್ಕ. ನಗು ನಿಂತ ಮೇಲೆ ಭಾಗೀರಥಮ್ಮನಿಗೆ ಮತ್ತೆ ಭಯವಾಯಿತು. ಕಾಳು ಕುಗ್ಗಿದ್ದು ನಿಜ, ಗಂಟು ಕುಗ್ಗಿದೆಯೇ?

ಡಾಕ್ಟರಮ್ಮ ಪುಟ್ಟ ಸ್ಕೇಲು ತೆಗೆದಾಗ ಅವಿನಾಶ್ ತಾಯಿಯ ಮುಖ ನೋಡಿದ. ಹೋದ ಸಲ ಈ ಹೊತ್ತಿಗೆ ಅವರು ಮುನಿಸಿಕೊಂಡು ಹೊರಗೆ ಹೋಗಿದ್ದರು.

"ಅಳೀಲಿ ಬಿಡೋ. ಅಮ್ಮನ ಹತ್ರ ನಾನು ಮಾತಾಡ್ಕೋತೀನಿ," ಎಂದರು. ಆ ಅಮ್ಮ ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಹನ್ನೆರಡು ಮಿಲಿಮೀಟರ್ ಇದ್ದದ್ದು ಎಂಟಕ್ಕೆ ಇಳಿದಿತ್ತು. ಬಣ್ಣವೂ ಮಾಸಿತ್ತು. ಇನ್ನೊಂದು ನೋಡಬೇಕು ಎಂದು ಡಾಕ್ಟರಮ್ಮ ಶ್ರೀಯಾಳ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿದರು. ಮೊದಲ ಸಲ ಹೀಗೆ ಮುಚ್ಚಿದಾಗ ಮಗು ಕತ್ತಲಲ್ಲಿ ಬಿಟ್ಟಂತೆ ಚೀರಿತ್ತು. ಈಗ ಚೀರಲಿಲ್ಲ. ಭಾಗೀರಥಮ್ಮ ಮುಂದೆ ಬಾಗಿದರು. ಎಡಗಣ್ಣು ಅತ್ತಿತ್ತ ಹುಡುಕಿತು, ಅಜ್ಜಿಯ ಮುಖದ ಮೇಲೆ ನಿಂತಿತು. ಮಗುವಿನ ಬೊಚ್ಚುಬಾಯಿ ಅಗಲವಾಯಿತು.

ಅಜ್ಜಿ ಒಂದು ಹೆಜ್ಜೆ ಬಲಕ್ಕೆ ಇಟ್ಟರು; ಕಣ್ಣು ಬಲಕ್ಕೆ ಬಂತು. ಎಡಕ್ಕೆ ಹೋದರು, ಕಣ್ಣು ಎಡಕ್ಕೆ ಬಂತು. ನಂಬಿಕೆಯಾಗದೆ ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ. ಅರವತ್ತೆರಡು ವರ್ಷದ ವಿಜ್ಞಾನದ ಮೇಡಂ ಸೀರೆ ಎತ್ತಿ ಕಟ್ಟಿ ಆ ಪುಟ್ಟ ಕೋಣೆಯಲ್ಲಿ ಕುಣಿದೇ ಕುಣಿದರು. ಮೊಮ್ಮಗಳು ಆ ಒಂದೇ ಕಣ್ಣಲ್ಲಿ ಅದಷ್ಟನ್ನೂ ನೋಡಿದಳು.