ಅಡುಗೆಯವರ ನಾಲಿಗೆ

ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಎಂದು ನನ್ನ ಗಂಡನಿಗೆ ಡಾಕ್ಟರು ಹೇಳಿದರು. ಕಾರ್ಖಾನೆ ಕ್ಯಾಂಟೀನಿನ ಅಡುಗೆಯವರಾದ ಅವರು ಯಾರ ಮಾತನ್ನೂ ಕೇಳುವ ಆಸಾಮಿಯಲ್ಲ. ಅದಕ್ಕೇ ಮನೆಯ ಅಡುಗೆಯಲ್ಲಿ ವಾರವಾರವೂ ಒಂದೊಂದು ಚಿಟಿಕೆ ಉಪ್ಪನ್ನು ಗುಟ್ಟಾಗಿ ಇಳಿಸುತ್ತಾ ಬಂದೆ. ಅವರಿಗೆ ಗೊತ್ತೇ ಆಗಲಿಲ್ಲ. ಬಿಪಿ ಇಳಿದಾಗ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಇವತ್ತು ಅವರು ಬೆವರುತ್ತಾ ಮನೆಗೆ ಬಂದರು.

"ಕ್ಯಾಂಟೀನಲ್ಲಿ ಅಡುಗೆ ಬರೀ ಸಪ್ಪೆ ಅಂತ ಎಲ್ರೂ ಬೈತಿದ್ದಾರೆ ಕಣೇ. ರುಚಿ ನೋಡಿದ್ರೆ ನಂಗೆ ಸರಿಯಾಗೇ ಇದೆ. ನಾಲಿಗೆ ಕೆಟ್ಟ ಅಡುಗೆಯವನನ್ನ ಯಾರು ಇಟ್ಕೋತಾರೆ?"

ಮನೆಯ ಸಪ್ಪೆಗೆ ಅವರ ನಾಲಿಗೆ ಒಗ್ಗಿಹೋಗಿತ್ತು. ನಿಜ ಹೇಳಿದರೆ ಉಪ್ಪು ಮತ್ತೆ ಮನೆಗೆ ಬರುತ್ತದೆ, ಹೇಳದಿದ್ದರೆ ಕೆಲಸ ಹೋಗುತ್ತದೆ.

"ಮೊದ್ಲು ಊಟ ಮಾಡಿ" ಎಂದು ತಟ್ಟೆ ಇಟ್ಟೆ.

ಒಂದು ತುತ್ತು ತಿಂದು ಅವರು ನೆಮ್ಮದಿಯ ನಿಟ್ಟುಸಿರು ಬಿಟ್ಟರು.

"ಇದು ಹದ ಅಂದ್ರೆ! ನೀನು ಉಪ್ಪು ಎಷ್ಟು ಹಾಕ್ತೀಯ ಹೇಳು. ನಾಳೆಯಿಂದ ಅಲ್ಲೂ ಅದೇ ಅಳತೆ."